ಮೀಟರಿನ 160 ನಂಬಿ ಊಟಿಗೆ ಹೊರಡಬೇಡ

ಮಂಡ್ಯ

ಚಿ. ಪುಟ್ಟಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ನಿನ್ನೆ ಫೋನಿನಲ್ಲಿ ನೀನಂದ ಮಾತಿಗೆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. “ಇರೋ ಪೆಟ್ರೋಲಿಗೆ ಇನ್ನೂ 160 ಕಿಲೋಮೀಟರ್ ಓಡುತ್ತೆ ಅಂತ ಕಾರಿನ ಮೀಟರ್ ತೋರಿಸ್ತಿದೆ ಮಾವ, ಊಟಿಗೆ ಸಾಕು” ಅಂದೆ. ಮೈಸೂರಿನಿಂದ ಊಟಿ ಮಸಿನಗುಡಿ ಮೇಲೆ ಸುಮಾರು 125. ಸಾಕು ಅಂತಲೇ ಅನ್ನಿಸುತ್ತದೆ, ಅಲ್ವಾ?

ಆ 160 ಎಲ್ಲಿಂದ ಬಂತು ಹೇಳುತ್ತೇನೆ ಕೇಳು. ಟ್ಯಾಂಕಿನೊಳಗೆ ತೇಲುವ ಒಂದು ಫ್ಲೋಟ್ ಇರುತ್ತದೆ. ಅದರ ಎತ್ತರ ನೋಡಿ ಪೆಟ್ರೋಲ್ ಎಷ್ಟಿದೆ ಅಂತ ಕಾರು ಅಂದಾಜು ಮಾಡುತ್ತದೆ. ಇತ್ತೀಚೆಗೆ ಲೀಟರಿಗೆ ಎಷ್ಟು ಮೈಲೇಜ್ ಬಂತೋ ಅದರಿಂದ ಗುಣಿಸುತ್ತದೆ. ಅಷ್ಟೇ. ನೀನು ಭಾನುವಾರ ಬೆಂಗಳೂರಿನಿಂದ ಎಕ್ಸ್‌ಪ್ರೆಸ್‌ವೇಯಲ್ಲಿ ಒಂದೇ ವೇಗದಲ್ಲಿ ಬಂದೆ. ಲೀಟರಿಗೆ 20 ಬಂದಿರಬಹುದು. ಅಂದರೆ ಈಗ ಉಳಿದಿರುವುದು 8 ಲೀಟರ್. ಬಂಡೀಪುರದ ಹಂಪ್‌ಗಳನ್ನು ದಾಟಿ ಮಸಿನಗುಡಿ ತಲುಪುವಷ್ಟರಲ್ಲಿ ಹೆಚ್ಚುಕಡಿಮೆ ಐದೂವರೆ ಲೀಟರ್ ಖರ್ಚಾಗಿರುತ್ತದೆ. ಆಮೇಲೆ ಕಲ್ಲಟ್ಟಿ ಘಾಟಿ. 36 ಹೇರ್‌ಪಿನ್ ತಿರುವು, ಫಸ್ಟ್ ಗೇರ್, ಸೆಕೆಂಡ್ ಗೇರ್‌ನಲ್ಲೇ ಹತ್ತಬೇಕು. ಅಲ್ಲಿ ಲೀಟರಿಗೆ 10 ಬಂದರೆ ಮಸಿನಗುಡಿಯಿಂದ ಊಟಿಯವರೆಗಿನ 30 ಕಿಲೋಮೀಟರಿಗೆ ಮೂರು ಲೀಟರ್ ಬೇಕು. ನಿನ್ನ ಹತ್ತಿರ ಎರಡೂವರೆ ಇರುತ್ತದೆ. ಹಿಂದೆ ಓಡಿದ ದಾರಿ ಕಾರಿಗೆ ಗೊತ್ತು, ಮುಂದಿನ ಘಾಟಿ ಗೊತ್ತಿಲ್ಲ ಮಗಳೇ.

ಬೇಕಿದ್ದರೆ ನಾಳೆ ಬೆಳಿಗ್ಗೆ ಚಾಮುಂಡಿ ಬೆಟ್ಟಕ್ಕೆ ಹೋಗಿ ಬಾ. ಹತ್ತುವಾಗ ಆ ಅಂಕಿ ಸರಸರ ಇಳಿಯುತ್ತದೆ. ಇಳಿಯುವಾಗ ಗೇರಿನಲ್ಲೇ ಇದ್ದು ಆಕ್ಸಿಲರೇಟರ್ ಬಿಟ್ಟರೆ ಇಂಜಿನ್ನಿಗೆ ಪೆಟ್ರೋಲ್ ಹೋಗುವುದೇ ನಿಲ್ಲುತ್ತದೆ. ಕೆಳಗೆ ಬರುವಷ್ಟರಲ್ಲಿ ಅಂಕಿ ಸ್ವಲ್ಪ ಏರಿದ್ದರೂ ಇರಬಹುದು. ಟ್ಯಾಂಕಿಗೆ ಒಂದು ಹನಿಯೂ ಸೇರಿರುವುದಿಲ್ಲ.

ಇದು ನನಗೆ ಅನುಭವದಿಂದ ಗೊತ್ತಾಗಿದ್ದು. ಕಬ್ಬು ಕಡಿಯುವ ಕಾಲ. ಪಾಂಡವಪುರದ ಕಡೆಯಿಂದ ರಾತ್ರಿ ಬರುತ್ತಿದ್ದೆವು. ಮುಂದೆ ಕಬ್ಬಿನ ಗಾಡಿಗಳ ಸಾಲು. ಮೀಟರ್ 30 ತೋರಿಸುತ್ತಿತ್ತು, ನಾನು ಬಂಕ್ ದಾಟಿ ಬಂದೆ. ತೆವಳುತ್ತಾ ಬಂದ ಕಾರು 12 ತೋರಿಸುವಾಗಲೇ ನಿಂತಿತು. ನಿಮ್ಮತ್ತೆಯನ್ನು ಕತ್ತಲಲ್ಲಿ ಕಾರಿನಲ್ಲಿ ಕೂರಿಸಿ ಪೆಟ್ರೋಲಿಗೆ ನಡೆದು ಹೋದೆ. ಆ ಭಯ ಇವತ್ತಿಗೂ ಮರೆತಿಲ್ಲ. ಅಂದಿನಿಂದ ಕಾಲು ಟ್ಯಾಂಕಿಗಿಂತ ಕೆಳಗೆ ಬಿಟ್ಟಿಲ್ಲ. ಪಂಪ್ ಕೂಡ ಟ್ಯಾಂಕಿನೊಳಗೇ ಇರುತ್ತದೆ, ಅದನ್ನು ತಂಪಾಗಿಡುವುದು ಪೆಟ್ರೋಲೇ. ಯಾವಾಗಲೂ ಬತ್ತಿಸಿ ಓಡಿಸಿದರೆ ಅದೂ ಬೇಗ ಕೆಡುತ್ತದೆ.

ಬಂಡೀಪುರದೊಳಗೆ ಗಾಡಿ ನಿಲ್ಲಿಸುವ ಹಾಗಿಲ್ಲ. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಗೇಟ್ ಹಾಕಿರುತ್ತಾರೆ. ವಾಪಸ್ ಬರುವಾಗ ಅದಕ್ಕೆ ಮೊದಲೇ ಕಾಡು ದಾಟು.

ಮೈಸೂರು ಬಿಡುವ ಮೊದಲೇ ಟ್ಯಾಂಕ್ ಫುಲ್ ಮಾಡಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡು. ಊಟಿಯಲ್ಲಿ ಮತ್ತೆ ಫುಲ್ ಮಾಡಿಸು. ಎಷ್ಟು ಕಿಲೋಮೀಟರ್ ಆಯಿತು, ಎಷ್ಟು ಲೀಟರ್ ಹಿಡಿಯಿತು ಅಂತ ಬರೆದುಕೊಂಡು ಅಲ್ಲಿಂದಲೇ ನನಗೆ ಫೋನ್ ಮಾಡು. ಕಾಯುತ್ತಿರುತ್ತೇನೆ.

ನಿನ್ನ ಮಾವ