ಪೌರಾಯುಕ್ತರೇ, ಮೊದಲು ಆ ವಾಲ್ವ್ ರಿಪೇರಿ ಮಾಡಿಸಿ

ಏಪ್ರಿಲ್ 2024

ಮಾನ್ಯ ಪೌರಾಯುಕ್ತರಿಗೆ,

ನಮಸ್ಕಾರ. ನಾನು ನಿಮ್ಮ ನಗರಸಭೆ ವ್ಯಾಪ್ತಿಯಲ್ಲಿ ವಾಸವಿರುವ ನಿವೃತ್ತ ಬಸ್ ಕಂಡಕ್ಟರ್. 31 ವರ್ಷ ಟಿಕೆಟ್ ಹರಿದಿದ್ದೇನೆ. ನಿಮ್ಮ ಕಚೇರಿಗೆ ನಾನು ಹೊಸಬನಲ್ಲ. ಒಂದೂವರೆ ವರ್ಷದಲ್ಲಿ ಏಳು ಅರ್ಜಿ ಕೊಟ್ಟಿದ್ದೇನೆ. ಏಳಕ್ಕೂ ಸೀಲು ಹಾಕಿಸಿಕೊಂಡ ನಕಲು ಇಟ್ಟಿದ್ದೇನೆ. ಆ ಏಳೂ ನಿಮ್ಮ ಟಪಾಲು ವಿಭಾಗದಲ್ಲಿ ಸುಖವಾಗಿ ಮಲಗಿವೆ. ಅದಕ್ಕೇ ಎಂಟನೆಯದನ್ನು ಊರವರೆಲ್ಲ ಓದುವ ಹಾಗೆ ಬರೆಯುತ್ತಿದ್ದೇನೆ. ಅಧ್ಯಕ್ಷರಿಗೆ ಬರೆಯೋಣ ಅಂದರೆ ಮೀಸಲಾತಿ ಗೊಂದಲದಲ್ಲಿ ಆ ಕುರ್ಚಿಯೇ ಖಾಲಿ ಬಿದ್ದಿದೆ.

ವಿಷಯ ಒಂದೇ. ನಮ್ಮ ರಸ್ತೆಯ ತಿರುವಿನಲ್ಲಿ, ಹಿಟ್ಟಿನ ಗಿರಣಿ ಎದುರಿಗೆ ಇರುವ ವಾಲ್ವ್ ಸೋರುತ್ತಿದೆ. ರಿಪೇರಿ ಮಾಡಿಸಿ.

ಇಷ್ಟು ಬರೆದು ಸಹಿ ಹಾಕಬಹುದಿತ್ತು. ಏಳು ಸಲ ಹಾಗೇ ಮಾಡಿದ್ದೆ. ಆದರೆ ಹೋದ ಮಂಗಳವಾರ ನಡೆದದ್ದನ್ನು ಹೇಳದೆ ಇರುವುದಕ್ಕೆ ಆಗುತ್ತಿಲ್ಲ.

ಅವತ್ತು ನಾನು ಪಿಂಚಣಿ ದುಡ್ಡು ತೆಗೆಯಲು ಬ್ಯಾಂಕಿಗೆ ಹೋಗಿದ್ದೆ. ಬರುವಷ್ಟರಲ್ಲಿ ನಮ್ಮ ಹಿತ್ತಲಲ್ಲಿ ನಿಮ್ಮ ಸಿಬ್ಬಂದಿ ಮೂವರು ನಿಂತಿದ್ದರು. ಬಚ್ಚಲ ಗೋಡೆಯಿಂದ ಬಾಳೆಯ ಪಾತಿಗೆ ಹೋಗುವ ಪೈಪನ್ನು ಒಬ್ಬರು ಮೊಬೈಲ್‌ನಲ್ಲಿ ಫೋಟೋ ತೆಗೆಯುತ್ತಿದ್ದರು. "ಗಿಡಕ್ಕೆ ನೀರು ಬಿಡೋ ಹಾಗಿಲ್ಲ, ಆರ್ಡರ್ ಇದೆ" ಅಂದರು. ನನ್ನ ಹೆಂಡತಿ, "ಇದು ಸ್ನಾನದ ನೀರು ಕಣಪ್ಪಾ, ಬೇಕಾದರೆ ಮೂಸಿ ನೋಡು" ಅಂದಳು. ಅವರು ನಕ್ಕರು. ಇನ್ನೊಬ್ಬರು ಚೀಲದಿಂದ ಆಕ್ಸಾ ಬ್ಲೇಡ್ ತೆಗೆದು, ಕರಕರ ಅಂತ ಪೈಪನ್ನು ಎರಡು ತುಂಡು ಮಾಡಿದರು. 500 ರೂಪಾಯಿ ದಂಡ ಕಟ್ಟಿಸಿಕೊಂಡರು. ಕಟ್ಟಿದೆ. ರಸೀದಿ ಕೊಟ್ಟರು. ರಸೀದಿ ಓದದೆ ಜೇಬಿಗೆ ಹಾಕುವ ಅಭ್ಯಾಸ ನನಗಿಲ್ಲ. ಅದರಲ್ಲಿ ಬರೆದಿತ್ತು: "ಕುಡಿಯುವ ನೀರು ಪೋಲು ಮಾಡಿದ್ದಕ್ಕೆ."

ಸ್ವಾಮಿ, ನಾವು ಮೂವರು ಮಿಂದ ನೀರನ್ನು ನಿಮ್ಮ ನಗರಸಭೆ ಕುಡಿಯುವ ನೀರು ಅಂತ ಲೆಕ್ಕಕ್ಕೆ ಹಿಡಿದಿದ್ದರೆ ನಾನು ಇನ್ನೇನೂ ಹೇಳಲ್ಲ.

ಕಥೆ ಇಲ್ಲಿಗೆ ಮುಗಿಯಲಿಲ್ಲ. ಹೊರಗೆ ಹೋದ ಮೂವರೂ ಗಿರಣಿ ಎದುರು ನಿಂತು, ಅದೇ ಸೋರುವ ವಾಲ್ವ್‌ನ ನೀರಿನಲ್ಲಿ ಕೈಕಾಲು ತೊಳೆದುಕೊಂಡರು. ಒಬ್ಬರು ಬಾಟಲಿ ತುಂಬಿಸಿಕೊಂಡರು. ಬೂಟಿಗೆ ಮೆತ್ತಿದ್ದ ಕೆಸರು ನಮ್ಮ ಹಿತ್ತಲದ್ದು, ತೊಳೆದ ನೀರು ನಗರಸಭೆಯದ್ದು. ಚೆಕಿಂಗ್‌ಗೆ ಬಂದವರು ಟಿಕೆಟ್ ತೆಗೆದವನಿಗೆ ದಂಡ ಹಾಕಿ, ಟಿಕೆಟ್ ಇಲ್ಲದವನ ಪಕ್ಕ ಕೂತು ಎಲೆ ಅಡಿಕೆ ಹಾಕಿಕೊಂಡ ಹಾಗಾಯಿತು. 31 ವರ್ಷದಲ್ಲಿ ಇಂಥದ್ದನ್ನು ನಾನು ಬಸ್ಸಿನಲ್ಲಿ ನೋಡಿರಲಿಲ್ಲ.

ಬರ ಇದೆ ಅಂತ ನಮಗೂ ಗೊತ್ತು. ಹೋದ ವರ್ಷ ಮುಂಗಾರು ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರವೇ ಹೇಳಿದೆ. ನಮ್ಮ ರಸ್ತೆಗೆ ಎಂಟು ದಿನಕ್ಕೊಮ್ಮೆ, ಒಂದೂವರೆ ಗಂಟೆ ನೀರು. ಸಂಪ್ ತೊಟ್ಟಿಗೆ ಬಿದ್ದ ಆ ನೀರಿನಲ್ಲಿ ಒಂದು ಚೊಂಬು ಕೂಡ ಗಿಡಕ್ಕೆ ಹೋಗಲ್ಲ. ನಮ್ಮ ಮನೆಯಲ್ಲಿ ಆ ಕಾನೂನು ನಿಮ್ಮ ಆದೇಶಕ್ಕಿಂತ ಮೊದಲೇ ಜಾರಿಯಾಗಿದೆ. ಹೊರಡಿಸಿದವಳು ನನ್ನ ಹೆಂಡತಿ.

ಹಿತ್ತಲು ಇರುವುದು 20 ಅಡಿಗೆ 15 ಅಡಿ. ಒಂದು ನುಗ್ಗೆ, ಒಂದು ಕರಿಬೇವು, ಎರಡು ಬಾಳೆ, ದುಂಡುಮಲ್ಲಿಗೆ, ದಾಸವಾಳ, ತುಳಸಿ. ಗುಲಾಬಿ ಕುಂಡಗಳ ಆಸೆಯನ್ನು ಅವಳು ಫೆಬ್ರವರಿಯಲ್ಲೇ ಬಿಟ್ಟಳು. ಎಲ್ಲವನ್ನೂ ಉಳಿಸಲು ಹೋದರೆ ಒಂದೂ ಉಳಿಯಲ್ಲ ಅಂದಳು. ಅಕ್ಕಿ, ಬೇಳೆ, ಸೊಪ್ಪು ತೊಳೆದ ನೀರು ಕರಿಬೇವಿಗೆ ಮತ್ತು ತುಳಸಿಗೆ. ಬಟ್ಟೆ ಒಗೆದ ಮೊದಲ ನೊರೆ ನೀರು ಕಕ್ಕಸಿಗೆ, ಕೊನೆಯ ಜಾಲಾಡಿಸಿದ ನೀರು ಮಾತ್ರ ನುಗ್ಗೆಗೆ. ಸೋಪಿನ ನೀರು ಜಾಸ್ತಿ ಬಿದ್ದರೆ ಮಣ್ಣು ಕೆಡುತ್ತೆ ಅಂತ ಅವಳಿಗೆ ಯಾವ ಇಂಜಿನಿಯರೂ ಹೇಳಿಕೊಟ್ಟಿಲ್ಲ.

ಮಲ್ಲಿಗೆ ಬುಡದಲ್ಲಿ ಸಂತೆಯಿಂದ ತಂದ ಮಣ್ಣಿನ ಮಡಕೆಯನ್ನು ಕತ್ತಿನವರೆಗೆ ಹೂತಿದ್ದಾಳೆ. ಬಣ್ಣ ಹಚ್ಚದ್ದು, ಏಕೆಂದರೆ ಹಚ್ಚಿದರೆ ನೀರು ಒಸರಲ್ಲ. ಸೊಪ್ಪು ತೊಳೆದ ನೀರನ್ನು ಬಟ್ಟೆಯಲ್ಲಿ ಸೋಸಿ ಅದಕ್ಕೆ ತುಂಬಿ, ಸೊಳ್ಳೆ ಮೊಟ್ಟೆ ಇಡದ ಹಾಗೆ ಮೇಲೊಂದು ಮುಚ್ಚಳ ಇಡುತ್ತಾಳೆ. ಒಮ್ಮೆ ತುಂಬಿದರೆ ನಾಲ್ಕು ದಿನ. ಮಣ್ಣು ಒಣಗಿದಷ್ಟೂ ಅದೇ ಎಳೆದುಕೊಳ್ಳುತ್ತೆ. ಪಾತಿಗಳ ಮೇಲೆ ತರಗೆಲೆ, ತೆಂಗಿನ ನಾರು ಒಂದು ಗೇಣು ದಪ್ಪ ಹರಡಿದೆ. ಮಧ್ಯಾಹ್ನ ಎರಡು ಗಂಟೆಗೆ ಅದರ ಕೆಳಗೆ ಕೈ ಹಾಕಿ ನೋಡಿ ಸಾರ್, ತಣ್ಣಗಿರುತ್ತೆ.

ಬಚ್ಚಲ ನೀರು ಬಾಳೆಗೆ. ಇದೇನು ಹೊಸ ಸಂಶೋಧನೆಯಾ? ನಮ್ಮ ಅಜ್ಜಿಯರ ಕಾಲದಿಂದ ಬಚ್ಚಲ ಹಿಂದೆ ಬಾಳೆ ಮತ್ತು ಕೆಸು ಇಲ್ಲದ ಮನೆ ಇತ್ತಾ? ಆ ಪೈಪನ್ನೇ ನೀವು ಕತ್ತರಿಸಿದ್ದು. ಈಗ ಆ ನೀರು ನಿಮ್ಮ ಚರಂಡಿಗೆ ಹೋಗುತ್ತಿದೆ. ಬಾಳೆಯಲ್ಲಿ ಒಂದು ಗೊನೆ ಹಾಕಿತ್ತು. ಎಲೆಗಳು ಜೋತುಬಿದ್ದಿವೆ.

ಬೆಂಗಳೂರಿನಲ್ಲಿ ಮಾರ್ಚ್‌ನಲ್ಲಿ ಜಲಮಂಡಳಿ ಆದೇಶ ಹೊರಡಿಸಿತು. ಕೈತೋಟಕ್ಕೆ, ವಾಹನ ತೊಳೆಯಲು ಕುಡಿಯುವ ನೀರು ಬಳಸಿದರೆ 5000 ರೂಪಾಯಿ ದಂಡ. ಅದನ್ನು ನೋಡಿ ನೀವೂ ಒಂದು ಆದೇಶ ಮಾಡಿದಿರಿ. ತಪ್ಪೇನಿಲ್ಲ. ಆದರೆ ಅಲ್ಲಿನ ಆದೇಶದಲ್ಲಿ "ಕುಡಿಯುವ ನೀರು" ಅಂತ ಇದೆ. ಆ ಎರಡು ಪದ ನಮ್ಮೂರಿಗೆ ಬರುವ ದಾರಿಯಲ್ಲಿ ಎಲ್ಲಿ ಇಳಿದುಹೋದವು? ಅದೇ ಬೆಂಗಳೂರಿನ ಲಾಲ್‌ಬಾಗ್, ಕಬ್ಬನ್ ಪಾರ್ಕ್‌ಗಳಲ್ಲಿ ಗಿಡಗಳಿಗೆ ಸಂಸ್ಕರಿಸಿದ ಚರಂಡಿ ನೀರು ಹಾಕುತ್ತಾರೆ. 2018ರಿಂದ ಕೋಲಾರದ ಕೆರೆಗಳಿಗೂ ಬೆಂಗಳೂರಿನ ಸಂಸ್ಕರಿಸಿದ ನೀರು ಹರಿಯುತ್ತಿದೆ. ಕೆರೆಗೇ ಆಗುತ್ತೆ ಅಂದಮೇಲೆ ನಮ್ಮ ಎರಡು ಬಾಳೆಗೆ ಆಗಲ್ವಾ?

ಇನ್ನು ನಿಮ್ಮ ವಾಲ್ವ್ ಲೆಕ್ಕ. ಶನಿವಾರ ಬೆಳಿಗ್ಗೆ ಅದರ ಕೆಳಗೆ ಒಂದು ತಗಡು ಓರೆ ಮಾಡಿ, 15 ಲೀಟರ್ ಬಕೆಟ್ ಇಟ್ಟು, ಮೊಮ್ಮಗಳ ಕೈಯಲ್ಲಿ ಟೈಮ್ ನೋಡಿಸಿದೆ. ಮೂರು ನಿಮಿಷಕ್ಕೆ ಬಕೆಟ್ ತುಂಬಿತು. ಮೂರು ಸಲ ನೋಡಿದೆವು, ಅಷ್ಟೇ. ಗಂಟೆಗೆ 300 ಲೀಟರ್. ಅದು ಓವರ್‌ಹೆಡ್ ಟ್ಯಾಂಕಿಗೆ ಹೋಗುವ ಮೇನ್ ಲೈನು, ದಿನಕ್ಕೆ 20 ಗಂಟೆಯಾದರೂ ಪಂಪ್ ಓಡುತ್ತೆ. ಅಂದ್ರೆ ದಿನಕ್ಕೆ 6000 ಲೀಟರ್, ಒಂದು ಟ್ಯಾಂಕರ್. ಬೆಂಗಳೂರಿನ ಜಿಲ್ಲಾಡಳಿತ ಮಾರ್ಚ್‌ನಲ್ಲಿ ದರ ನಿಗದಿ ಮಾಡಿದಾಗ 6000 ಲೀಟರ್ ಟ್ಯಾಂಕರ್‌ಗೆ ಐದು ಕಿಲೋಮೀಟರ್ ಒಳಗೆ 600 ರೂಪಾಯಿ ಎಂದಿತ್ತು. ಅದೇ ದರ ಹಾಕಿದರೆ ಒಂದೂವರೆ ವರ್ಷಕ್ಕೆ ಮೂರು ಲಕ್ಷ ದಾಟುತ್ತೆ. ಮೊದಮೊದಲು ಇಷ್ಟು ಸೋರುತ್ತಿರಲಿಲ್ಲ, ಒಪ್ಪುತ್ತೇನೆ. ಅರ್ಧ ಅಂತ ಇಟ್ಟುಕೊಳ್ಳಿ.

ನಮ್ಮ ಮನೆಯಲ್ಲಿ ಮೂರು ಜನ, ತಲೆಗೊಂದು ಬಕೆಟ್ ಸ್ನಾನ. ದಿನಕ್ಕೆ 45 ಲೀಟರ್. ಆರು ಸಾವಿರದ ಪಕ್ಕ ನಿಂತು ನಿಮ್ಮವರು ದಂಡ ಹಾಕಿದ್ದು ನಲವತ್ತೈದಕ್ಕೆ.

ರಿಪೇರಿ ಯಾಕಾಗಿಲ್ಲ ಅಂತ ಕೇಳಿದಾಗಲೆಲ್ಲ ಒಂದೊಂದು ಉತ್ತರ. ಮೊದಲು "ಸಾಮಾನು ಬಂದಿಲ್ಲ". ಆಮೇಲೆ "ಅದು ನಮ್ಮ ಸೆಕ್ಷನ್ ಅಲ್ಲ". ಈಗ "ಚುನಾವಣೆ, ನೀತಿ ಸಂಹಿತೆ". ಕುಡಿಯುವ ನೀರಿನ ತುರ್ತು ರಿಪೇರಿಗೆ ನೀತಿ ಸಂಹಿತೆ ಅಡ್ಡ ಬರಲ್ಲ ಅಂತ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಸೋರುವುದಕ್ಕೂ ಸಂಹಿತೆ ಅಡ್ಡ ಬಂದಿಲ್ಲ ನೋಡಿ. ನಮ್ಮ ರಸ್ತೆಯ ನೀರುಗಂಟಿ ಪಾಪ, ಒಂದು ದಿನ ತಾನಾಗಿಯೇ ಹಳೇ ಸೈಕಲ್ ಟ್ಯೂಬ್ ತಂದು ಬಿಗಿದು ಸುತ್ತಿದ. ಒಂಬತ್ತು ದಿನ ತಡೆಯಿತು. ನನ್ನ ಏಳು ಅರ್ಜಿಗೆ ನಗರಸಭೆಯಿಂದ ಸಿಕ್ಕ ಉತ್ತರ ಅಂದರೆ ಆ ಸೈಕಲ್ ಟ್ಯೂಬ್ ಒಂದೇ. ಈ ಪತ್ರ ಓದಿ ದಯವಿಟ್ಟು ಅವನಿಗೆ ನೋಟಿಸ್ ಕೊಡಬೇಡಿ.

ಅಂದ ಹಾಗೆ, ಬಸ್ ಸ್ಟ್ಯಾಂಡ್ ರಸ್ತೆಯ ಡಿವೈಡರ್ ಗಿಡಗಳಿಗೆ ನಿಮ್ಮ ಟ್ಯಾಂಕರ್ ಮಧ್ಯಾಹ್ನ ಹನ್ನೆರಡಕ್ಕೆ ನೀರು ಬಿಡುತ್ತೆ. ಅರ್ಧ ಗಿಡಕ್ಕೆ, ಅರ್ಧ ಡಾಂಬರಿಗೆ. ಆ ಟ್ಯಾಂಕರ್ ಓಡಿಸುವವರನ್ನು ಒಂದು ದಿನ ಸಂಜೆ ಆರಕ್ಕೆ ನನ್ನ ಹೆಂಡತಿ ಹತ್ತಿರ ಕಳಿಸಿ. ಕಾಫಿಯನ್ನೂ ಕೊಡುತ್ತಾಳೆ.

ನನ್ನ ಬೇಡಿಕೆ ದೊಡ್ಡದಲ್ಲ. ವಾಲ್ವ್ ರಿಪೇರಿ ಮಾಡಿಸಿ. ನಿಮ್ಮ ಆದೇಶದಲ್ಲಿ "ಕುಡಿಯುವ ನೀರು" ಅಂತ ಸೇರಿಸಿ, ಬಳಸಿದ ನೀರನ್ನು ಗಿಡಕ್ಕೆ ಹಾಕುವವರ ಮನೆಗೆ ಬ್ಲೇಡ್ ಹಿಡಿದು ಬರುವುದನ್ನು ನಿಲ್ಲಿಸಿ. 500 ರೂಪಾಯಿ ವಾಪಸ್ ಕೊಡುವುದು ನಿಮ್ಮ ಮರ್ಜಿ. ವಾಲ್ವ್ ಮಾತ್ರ ಮರ್ಜಿಯಲ್ಲ. ಗಿರಣಿಯವರು ನಾವೇ ದುಡ್ಡು ಹಾಕಿ ಪ್ಲಂಬರ್ ಕರೆಸೋಣ ಅಂತಾರೆ. ನಾನೇ ಬೇಡ ಅಂದೆ. ನಗರಸಭೆ ಆಸ್ತಿ ಮುಟ್ಟಿದ್ದಕ್ಕೆ ಇನ್ನೊಂದು ರಸೀದಿ ಬರುತ್ತೆ. ಹಾಗಾಗಿ ನೀವೇ ಮಾಡಿಸಬೇಕು. ಈ ವಾರವೇ ಮಾಡಿಸಿ.

ಇಂತಿ ತಮ್ಮ ವಿಶ್ವಾಸಿ,
ಹಿಟ್ಟಿನ ಗಿರಣಿ ರಸ್ತೆಯ ನಿವೃತ್ತ ಕಂಡಕ್ಟರ್

ಲಗತ್ತು: ಏಳು ಅರ್ಜಿಗಳ ನಕಲು, ದಂಡದ ರಸೀದಿಯ ನಕಲು, ಒಂದು ಅಡಿ ಉದ್ದದ ಪೈಪಿನ ತುಂಡು (ಮೂಲಪ್ರತಿ).