ನಲ್ಲಿ ಇರುವ ಆ ಜಾಡಿಯ ವಿಷಯ

ಪುಟ್ಟಿ,

ನೀನು ಫೋನ್ ಇಟ್ಟ ಮೇಲೆ ನಿನ್ನಮ್ಮ ನನ್ನ ಜೊತೆ ಸರಿಯಾಗಿ ಮಾತಾಡಿಲ್ಲ. ಮದುವೆ ಹತ್ತಿರ ಬಂದಿರುವ ಹುಡುಗಿಯ ಮೇಲೆ ಹಾಗೆ ರೇಗ್ತಾರಾ ಅಂತ ಅವಳ ಸಿಟ್ಟು. ರೇಗಬಾರದಿತ್ತು, ಒಪ್ಪಿದೆ. ಆದರೆ ಹೇಳಿದ ಮಾತನ್ನು ವಾಪಸ್ ತೆಗೆದುಕೊಳ್ಳುವುದಕ್ಕೆ ಈ ಪತ್ರ ಬರೆಯುತ್ತಿಲ್ಲ. ಫೋನಿನಲ್ಲಿ ನಾನು ಬಾಯಿ ತೆರೆಯುವಷ್ಟರಲ್ಲಿ ನೀನು "ಅಪ್ಪಾ, ಇದು ಕ್ಯಾಶುವಲ್ ಪಾರ್ಟಿ" ಅನ್ನುತ್ತೀಯ. ಕಾಗದದಲ್ಲಿ ಆ ಕಾಟ ಇಲ್ಲ.

ಮೊದಲು ಒಳ್ಳೆಯದನ್ನು ಹೇಳಿಬಿಡ್ತೀನಿ. ನೀನು ಕಳಿಸಿದ ಡ್ರಿಂಕ್ಸ್ ಪಟ್ಟಿಯನ್ನು ಪೂರ್ತಿ ನೋಡಿದೆ. ನೂರು ಜನ, ಅದರಲ್ಲಿ ಕುಡಿಯುವವರು ಅರವತ್ತು, ನಾಲ್ಕು ಗಂಟೆಯ ಕಾರ್ಯಕ್ರಮ. ಮೊದಲ ಗಂಟೆಗೆ ತಲೆಗೆ ಎರಡು, ಆಮೇಲೆ ಗಂಟೆಗೆ ಒಂದು, ಒಟ್ಟು 300 ಡ್ರಿಂಕ್. ಕೇಟರಿಂಗಿನವರೂ ಹೆಚ್ಚುಕಮ್ಮಿ ಇದೇ ಲೆಕ್ಕ ಹಿಡಿಯುತ್ತಾರೆ. ಅರ್ಧ ಬಿಯರ್, ಅಂದರೆ 150 ಸಣ್ಣ ಬಾಟಲಿ. ವೈನ್ 750 ಎಂಎಲ್ ಬಾಟಲಿಗೆ ಐದು ಗ್ಲಾಸ್ ಹಿಡಿದರೆ 90 ಗ್ಲಾಸಿಗೆ 18 ಬಾಟಲಿ. ಉಳಿದ ಅರವತ್ತಕ್ಕೆ 45 ಎಂಎಲ್ ಲೆಕ್ಕದಲ್ಲಿ ನಾಲ್ಕು ಬಾಟಲಿ ರಮ್ಮು. ತಪ್ಪು ಹುಡುಕೋಣ ಅಂತಲೇ ಪೆನ್ನು ಹಿಡಿದು ಕೂತಿದ್ದೆ, ಸಿಗಲಿಲ್ಲ. ಪಕ್ಕದ ಮನೆಯವರಿಗೂ ತೋರಿಸಿದೆ, ಬೈಬೇಡ.

ಐಸ್ ಮಾತ್ರ ಸಾಲಲ್ಲ. 50 ಕೆಜಿ ಬರೆದಿದ್ದೀಯ. ಒಳಗಡೆ ಹಾಲ್‌ನಲ್ಲಾದರೆ ಹೇಗೋ ನಡೆಯುತ್ತಿತ್ತು. ಬಯಲಲ್ಲಿ, ಮಧ್ಯಾಹ್ನದ ಬಿಸಿಲಲ್ಲಿ, ತಲೆಗೆ ಒಂದು ಕೆಜಿಯಾದರೂ ಬೇಕು. ಹಿಂದಿನ ರಾತ್ರಿಯೇ ಬಾಟಲಿಗಳನ್ನು ಫ್ರಿಜ್ಜಿನಲ್ಲಿ ತಣ್ಣಗೆ ಮಾಡಿಡಿ, ಇಲ್ಲದಿದ್ದರೆ ಅರ್ಧ ಐಸು ಬಿಸಿ ಬಾಟಲಿ ತಣಿಸುವುದರಲ್ಲೇ ಕರಗಿ ಹೋಗುತ್ತೆ. ಟಬ್ಬಿಗೆ ಐಸಿನ ಜೊತೆ ನೀರೂ ಹಾಕಿ. ಬರೀ ಐಸಾದರೆ ಬಾಟಲಿಗೆ ಅಲ್ಲಲ್ಲಿ ಮಾತ್ರ ತಾಗುತ್ತೆ, ನೀರಿದ್ದರೆ ಸುತ್ತಲೂ ತಣ್ಣಗಾಗುತ್ತೆ. ಹಾಗಂತ ಎಲ್ಲ ಬಾಟಲಿಯನ್ನೂ ಒಟ್ಟಿಗೇ ಮುಳುಗಿಸಬೇಡಿ. ಮಿಕ್ಕಿದ್ದನ್ನು ಅಂಗಡಿಯವನು ವಾಪಸ್ ತಗೊಳ್ಳುತ್ತಾನಾ ಅಂತ ಮೊದಲೇ ಕೇಳಿಕೋ. ತಗೊಳ್ಳುವುದಾದರೂ ಲೇಬಲ್ ನೆನೆದು ಕಿತ್ತುಹೋದ ಬಾಟಲಿಯನ್ನು ಮುಟ್ಟಲ್ಲ. ಗ್ಲಾಸಿಗೆ ಹಾಕುವ ಐಸ್ ಬೇರೆ ಡಬ್ಬದಲ್ಲಿರಲಿ. ಅದನ್ನು ಗಾಜಿನ ಲೋಟದಲ್ಲಿ ಗೋರಬಾರದು. ಲೋಟದ ಅಂಚು ಒಂದು ಚೂರು ಮುರಿದರೂ ಐಸಿನಲ್ಲಿ ಗಾಜು ಕಾಣಲ್ಲ. ಅಷ್ಟೂ ಐಸ್ ಚೆಲ್ಲಿ, ಡಬ್ಬ ತೊಳೆದು, ಹೊಸದು ತುಂಬಬೇಕು. ನಿಜ ಹೇಳಬೇಕಂದ್ರೆ ಹುಲ್ಲಿನ ಮೇಲೆ ಗಾಜೇ ಬೇಡ. ಹಾಡು ಶುರುವಾದ ಹತ್ತು ನಿಮಿಷಕ್ಕೆ ನೀನೇ ಮೊದಲು ಚಪ್ಪಲಿ ಬಿಡೋದು.

ಈಗ ಜಾಡಿ.

ಕೆಳಗೆ ನಲ್ಲಿ ಇರುವ ದೊಡ್ಡ ಗಾಜಿನ ಜಾಡಿ, ಅದರ ತುಂಬ ರಮ್ ಬೆರೆಸಿದ ಹಣ್ಣಿನ ಪಂಚ್, ಮೇಲೆ ಕಿತ್ತಳೆ, ಚೆರ್ರಿ ತೇಲುತ್ತಾ ಇರುತ್ತೆ. ಗಿಡ್ಡ ಮೇಜಿನ ಮೇಲೆ ಇಟ್ಟುಬಿಟ್ಟರೆ ಯಾರು ಬೇಕಾದರೂ ಬಂದು ಹಾಕಿಕೊಳ್ಳಲಿ, ಸರ್ವ್ ಮಾಡುವವರು ಬೇಡ, ಹೋಟೆಲ್ ಥರ ಕಾಣುತ್ತೆ ಅಂತ ನೀನು. ಅಲ್ಲಿಗೇ ನನಗೆ ರೇಗಿದ್ದು.

ನಿನಗೆ ನಾಲ್ಕು ವರ್ಷ ಇದ್ದಾಗ ಒಂದು ಮದುವೆಗೆ ಹೋಗಿದ್ವಿ. ಅದೂ ಹೀಗೇ ತೋಟದಲ್ಲಿ. ಅಲ್ಲಿಂದ ಬಂದ ರಾತ್ರಿ ನಿನಗೆ ಜೋರು ಜ್ವರ ಬಂದು ಆಸ್ಪತ್ರೆ ಸೇರಿಸಿದ್ವಿ ಅಂತ ನೀನು ತಿಳಿದುಕೊಂಡಿದ್ದೀಯ. ನಾವೇ ಹಾಗೆ ಹೇಳಿದ್ದು. ಜ್ವರ ಇರಲಿಲ್ಲ ಪುಟ್ಟಿ.

ಯಾರೋ ಅರ್ಧ ಕುಡಿದು ಕುರ್ಚಿಯ ಕಾಲಿನ ಪಕ್ಕ ಇಟ್ಟು ಹೋಗಿದ್ದ ಗ್ಲಾಸು. ಕಿತ್ತಳೆ ಬಣ್ಣ, ತಳದಲ್ಲಿ ಒಂದು ಚೆರ್ರಿ. ನಿನಗೆ ಬೇಕಾಗಿದ್ದು ಆ ಚೆರ್ರಿ ಅಷ್ಟೇ. ಬೆರಳು ಹಾಕಿದರೆ ಸಿಗಲಿಲ್ಲ ಅಂತ ಕಾಣುತ್ತೆ, ಕುಡಿದು ಖಾಲಿ ಮಾಡಿ ತೆಗೆದುಕೊಂಡಿದ್ದೀಯ. ಸಿಹಿ ಇದ್ದಿದ್ದರಿಂದ ಮುಖವನ್ನೂ ಕಿವುಚಿರಲಿಕ್ಕಿಲ್ಲ. ಸ್ವಲ್ಪ ಹೊತ್ತಿಗೆ ಬಂದು ನನ್ನ ತೊಡೆಯ ಮೇಲೆ ಮಲಗಿದೆ. ಓಡಾಡಿ ಸುಸ್ತಾಗಿದೆ ಅಂದುಕೊಂಡ್ವಿ. ಎದುರಿಗಿದ್ದವರು ಪಾಪ, ಎಷ್ಟು ಚೆನ್ನಾಗಿ ನಿದ್ದೆ ಮಾಡ್ತಿದೆ ಮಗು ಅಂದರು. ಹೊರಡುವಾಗ ನಿನ್ನನ್ನು ಎತ್ತಿಕೊಂಡ ಅಮ್ಮ ನಿನ್ನ ಬಾಯಿಯ ಹತ್ತಿರ ಮೂಗು ತಂದು ನನ್ನ ಕಡೆ ನೋಡಿದಳು. ಎಬ್ಬಿಸಿದರೆ ನೀನು ಏಳಲಿಲ್ಲ. ಅಂಗೈ ತಣ್ಣಗಿತ್ತು, ಬೆವರಿತ್ತು. ಕೆಂಪು ಫ್ರಾಕಿನ ಜೇಬಿನಲ್ಲಿ ಚೆರ್ರಿಯ ತೊಟ್ಟು.

ಡಾಕ್ಟರ್ ಮೊದಲು ಮಾಡಿದ್ದು ಬೆರಳು ಚುಚ್ಚಿ ಶುಗರ್ ನೋಡಿದ್ದು. ತುಂಬ ಇಳಿದಿತ್ತು. ಆಲ್ಕೋಹಾಲು ಹೊಟ್ಟೆಗೆ ಹೋದರೆ ಲಿವರ್ ಹೊಸದಾಗಿ ಸಕ್ಕರೆ ಮಾಡುವುದನ್ನು ಕಡಿಮೆ ಮಾಡುತ್ತೆ. ದೊಡ್ಡವರಿಗೆ ದಾಸ್ತಾನು ಇರುತ್ತೆ, ಸಣ್ಣ ಮಕ್ಕಳಿಗೆ ಅದು ಬೇಗ ಮುಗಿದುಹೋಗುತ್ತೆ. ಹಾಗಾಗಿ ಮಕ್ಕಳ ವಿಷಯದಲ್ಲಿ ಅಮಲಿನಷ್ಟೇ ಅಪಾಯ ಶುಗರ್ ಇಳಿಯುವುದರಿಂದಲೂ ಇದೆ. ಡ್ರಿಪ್ ಹಾಕಿದರು. ಬೆಳಗಿನ ಜಾವ ಕಣ್ಣು ಬಿಟ್ಟೆ. ಬಿಟ್ಟವಳೇ ಚೆರ್ರಿ ಕೇಳಿದೆ.

ಆ ಗ್ಲಾಸು ಯಾರದ್ದು ಅಂತ ಇವತ್ತಿಗೂ ಗೊತ್ತಿಲ್ಲ. ಯಾರೋ ಒಳ್ಳೆಯವರೇ ಇರಬೇಕು. ಫೋಟೋಗೆ ಕರೆದರು ಅಂತ ಕೆಳಗಿಟ್ಟು ಎದ್ದು ಹೋಗಿರುತ್ತಾರೆ, ವಾಪಸ್ ಬರುವಷ್ಟರಲ್ಲಿ ಮರೆತಿರುತ್ತಾರೆ. ಆಮೇಲೆ ಎಷ್ಟೋ ಮದುವೆಗಳಲ್ಲಿ ನಾನು ಕುರ್ಚಿಯ ಕೆಳಗೆ ಬಗ್ಗಿ ಬಗ್ಗಿ ಗ್ಲಾಸು ಎತ್ತಿ ತಂದು ಮೇಜಿನ ಮೇಲಿಡುವುದನ್ನು ನೋಡಿ ನೀನು ನಕ್ಕಿದ್ದೀಯ. ಅಪ್ಪನಿಗೆ ಕ್ಲೀನ್ ಮಾಡುವ ಹುಚ್ಚು ಅಂತ ಅತ್ತೆಯ ಹತ್ತಿರ ಹೇಳಿದ್ದೂ ಕೇಳಿಸಿತ್ತು. ನಿನ್ನ ಪಟ್ಟಿಯಲ್ಲಿ ಎಂಟು ಮಕ್ಕಳ ಹೆಸರಿದೆ. ನಾನು ಎಣಿಸಿದೆ.

ಜಾಡಿ ಬೇಡ ಅನ್ನುತ್ತಿಲ್ಲ. ಇಡು, ನಡುಮಧ್ಯೆಯೇ ಇಡು. ಹಣ್ಣು ತೇಲಲಿ. ರಮ್ ಮಾತ್ರ ಅದರೊಳಗೆ ಬೇಡ. ಪಂಚ್ ಹಾಗೇ ಇರಲಿ, ಬೇಕೆಂದವರ ಗ್ಲಾಸಿಗೆ ಮೇಜಿನ ಹಿಂದೆ ನಿಂತವರು ಅಳತೆಯಲ್ಲಿ 45 ಎಂಎಲ್ ಹಾಕಿ ಕೊಡಲಿ. ಆಗ ಮಕ್ಕಳು, ಬಸುರಿಯರು, ಗಾಡಿ ಓಡಿಸುವವರು ಎಲ್ಲರೂ ಅದೇ ಜಾಡಿಯಿಂದ ಕುಡಿಯಬಹುದು. ರಮ್ ಹಾಕಿದ್ದಕ್ಕೆ ಬೇರೆ ಬಣ್ಣದ ಗ್ಲಾಸ್ ಇರಲಿ. ಐವತ್ತು ಜನಕ್ಕೆ ಒಬ್ಬರಂತೆ ಇಬ್ಬರು ಸಾಕು. ಅವರು ಸೂಟು ಬೂಟು ಹಾಕಿಕೊಂಡೇ ನಿಲ್ಲಬೇಕು ಅಂತ ಎಲ್ಲಿದೆ? ಟೀ ಶರ್ಟಿನಲ್ಲಿರಲಿ. ಇನ್ನೊಬ್ಬರು ಬಿಟ್ಟುಹೋದ ಗ್ಲಾಸು ಎತ್ತುವುದಕ್ಕೇ ಇರಬೇಕು. ಅವರಿಗೆ ಬೇರೆ ಕೆಲಸ ಹೇಳಬೇಡ.

ಇನ್ನೊಂದು ಲೆಕ್ಕ. ಕುಡಿಯದ ನಲವತ್ತು ಜನಕ್ಕೆ ನಿನ್ನ ಪಟ್ಟಿಯಲ್ಲಿ ಒಂದೇ ಸಾಲು: "ಸೋಡಾ, ಜ್ಯೂಸ್". ವೈನಿಗೆ ಆರು ಸಾಲು ಇದೆ. ನೀರಿಗೆ ಒಂದೂ ಇಲ್ಲ! ಕುಡಿದರೆ ಪದೇ ಪದೇ ಮೂತ್ರಕ್ಕೆ ಹೋಗುತ್ತಾರೆ, ಮೇಲಿಂದ ಬಿಸಿಲು, ಕುಣಿತ. ತಲೆಗೆ ಒಂದು ಲೀಟರ್ ನೀರಾದರೂ ಬೇಕು. ಬಾರ್ ಮೇಜಿಗಿಂತ ಮೊದಲು ನೀರಿನ ಮೇಜು ಸಿಗಬೇಕು, ನೆರಳಲ್ಲಿ. ಬಾಗಿಲಿನ ಎದುರಿಗೆ ಬಾರ್ ಇಟ್ಟರೆ ಕ್ಯೂ ಹೊರಗೆ ಹೋಗುತ್ತೆ, ಅದು ನಿನಗೆ ಗೊತ್ತಿರುವುದೇ.

ಮುಗಿಯುವುದಕ್ಕೆ ಒಂದು ಗಂಟೆ ಮುಂಚೆ ಬಾರ್ ಮುಚ್ಚಿಸು. ಒಂದು ಸಣ್ಣ ಬಾಟಲಿ ಬಿಯರ್, ಒಂದು ಗ್ಲಾಸ್ ವೈನ್, 45 ಎಂಎಲ್ ರಮ್, ಮೂರರಲ್ಲೂ ಆಲ್ಕೋಹಾಲು ಹೆಚ್ಚುಕಮ್ಮಿ ಒಂದೇ. ಒಂದನ್ನು ಕರಗಿಸಲು ಮೈಗೆ ಸುಮಾರು ಒಂದು ಗಂಟೆ ಬೇಕು. ಕಾಫಿ ಕುಡಿಸಿದರೆ ನಿದ್ದೆ ಹೋಗಬಹುದು, ಅಮಲು ಹೋಗಲ್ಲ. ನಿನ್ನ ಹುಡುಗನ ಸ್ನೇಹಿತರು ಕೀ ಎಲ್ಲಿಡುತ್ತಾರೆ, ಯಾರು ಯಾರನ್ನು ಬಿಡುತ್ತಾರೆ ಅಂತ ಅವತ್ತಲ್ಲ, ಈಗಲೇ ಬರೆದುಕೋ. "ನನಗೇನೂ ಆಗಿಲ್ಲ, ಓಡಿಸ್ತೀನಿ" ಅನ್ನುವವನಿಗೆ ಮಾತ್ರ ಕೀ ಕೊಡಲೇಬಾರದು. ದೊಡ್ಡವರಾಗಲಿ, ಸಂಬಂಧಿಕರಾಗಲಿ, ಮುಖ ನೋಡಬೇಡ.

ಇಷ್ಟು ಹೊತ್ತಿಗೆ ನೀನು ಕಣ್ಣು ಮೇಲೆ ಮಾಡಿರುತ್ತೀಯ. ಮಾಡು. ನಿನ್ನ ದಿನ ಅದು, ನೀನು ಟ್ರೇ ಹಿಡಿದುಕೊಂಡು ಓಡಾಡುವುದು ನನಗೂ ಬೇಡ. ಸರ್ವ್ ಮಾಡುವ ಇಬ್ಬರು, ಗ್ಲಾಸು ಎತ್ತುವ ಒಬ್ಬರು, ಮೂವರ ಖರ್ಚೂ ನನ್ನದು. ಮಿಕ್ಕಿದ್ದರಲ್ಲಿ ನಾನು ಕೈ ಹಾಕಲ್ಲ, ವೈನು ಕೆಂಪೋ ಬಿಳಿಯೋ ಅಂತಲೂ ಕೇಳಲ್ಲ. ಜಾಡಿಗೆ ಎಷ್ಟು ಲೀಟರ್ ಹಿಡಿಯುತ್ತೆ ಅಂತ ನೋಡಿ ಹೇಳು. ನನಗೆ ಹೇಳಲು ಇಷ್ಟ ಇಲ್ಲದಿದ್ದರೆ ಅಮ್ಮನಿಗೆ ಹೇಳು. ಐಸಿನ ಆರ್ಡರ್ ಮಾತ್ರ ಶುಕ್ರವಾರದೊಳಗೆ ಕೊಟ್ಟುಬಿಡು, 100 ಕೆಜಿ.

ಅಪ್ಪ