ಆರು ತಿಂಗಳಾಯ್ತು ಅಂತ ಇನ್ನು ಫೈಲ್ ಮುಚ್ಚೂದಿಲ್ಲ: ನಮ್ಮ ಸಂಘದಿಂದ ಥೆರಪಿ ತಗೊಳ್ಳೋ ಮನೆಯವರಿಗೆಲ್ಲ ಒಂದು ಪತ್ರ

ಎಲ್ಲರಿಗೂ ನಮಸ್ಕಾರ. ಶಿರಸಿ ಆಫೀಸಿಂದ ಬರೀತಾ ಇದ್ದೇನೆ. ತಲೆಗೆ ಪೆಟ್ಟಾದವರಿಗೆ ಮನೆಗೇ ಬಂದು ಥೆರಪಿ ಕೊಡೋ ನಮ್ಮ ಕೆಲಸದಲ್ಲಿ ಜೂನ್ 1ರಿಂದ ಕೆಲವು ಬದಲಾವಣೆ ಆಗ್ತದೆ. ಅದರಲ್ಲಿ ಒಂದು ಕೇಳಿದ ಕೂಡಲೇ ನಿಮಗೆ ಬೇಜಾರಾಗಬಹುದು, ಯಾಕಂದ್ರೆ ವಾರಕ್ಕೆ ಮೂರು ದಿನ ಬರ್ತಿದ್ದವರು ಇನ್ನು ಎರಡೇ ದಿನ ಬರ್ತಾರೆ. ಹಾಗಾಗಿ ವಾಟ್ಸಾಪಲ್ಲಿ ಎರಡು ಸಾಲು ಹಾಕಿ ಮುಗಿಸೂದು ಬೇಡ, ಕಾರಣ ಪೂರ್ತಿ ಹೇಳ್ಬೇಕು ಅಂತ ಕಮಿಟಿ ಮೀಟಿಂಗಲ್ಲಿ ತೀರ್ಮಾನ ಆಯ್ತು. ಸ್ವಲ್ಪ ಉದ್ದ ಇದೆ, ಆದ್ರೆ ಮನೆಯಲ್ಲಿ ಪೇಷೆಂಟ್ ನೋಡ್ಕೊಳ್ಳೋರು ಯಾರೋ ಅವರು ದಯವಿಟ್ಟು ಪೂರ್ತಿ ಓದಿ.

ಇಲ್ಲಿವರೆಗೆ ನಮ್ಮ ಪದ್ಧತಿ ಹೀಗಿತ್ತು: ವಾರಕ್ಕೆ ಮೂರು ದಿನ, ಸಲಕ್ಕೆ 40 ನಿಮಿಷ, ಆರು ತಿಂಗಳು, ಆಮೇಲೆ ಫೈಲ್ ಕ್ಲೋಸ್. ತಲೆಪೆಟ್ಟಿನಲ್ಲಿ ಚೇತರಿಕೆ ಮೊದಲ ಆರು ತಿಂಗಳಲ್ಲೇ ಜೋರಾಗಿರ್ತದೆ ಅನ್ನೋದು ಸುಳ್ಳಲ್ಲ, ಅದನ್ನೇ ಹಿಡ್ಕೊಂಡು ನಾವು ನಿಯಮ ಮಾಡಿದ್ದು. ಆದ್ರೆ ಆರು ತಿಂಗಳಾದ ಮೇಲೆ ನಿಂತು ಹೋಗ್ತದೆ ಅಂತ ಯಾರೂ ಹೇಳಿಲ್ಲ. ವೇಗ ಕಡಿಮೆ ಆಗ್ತದೆ ಅಷ್ಟೇ, ಒಂದು ವರ್ಷ, ಎರಡು ವರ್ಷ, ಅದರ ಆಚೆಗೂ ಸುಧಾರಿಸ್ತಾ ಹೋಗೋರು ಬೇಕಾದಷ್ಟು ಜನ ಇದ್ದಾರೆ. ನಾವು ಕ್ಯಾಲೆಂಡರ್ ನೋಡಿ ಫೈಲ್ ಮುಚ್ಚಿದ್ದು ತಪ್ಪಾಯ್ತು. ಅದು ನಮಗೆ ಗೊತ್ತಾಗಿದ್ದು ಪುಸ್ತಕದಿಂದ ಅಲ್ಲ, ಒಬ್ಬರು ಹೆಂಗಸು ಆಫೀಸಿಗೆ ಬಂದು ಹೇಳಿದ್ದರಿಂದ.

ಸಿದ್ದಾಪುರ ಕಡೆಯವರು. ಗಂಡ ಅಡಿಕೆ ಮರ ಹತ್ತೋರು. ಮಳೆಗಾಲದಲ್ಲಿ ಅಡಿಕೆಗೆ ಕೊಳೆ ರೋಗ ಬರಬಾರ್ದು ಅಂತ ಬೋರ್ಡೋ ಔಷಧಿ ಹೊಡೀತಾರಲ್ಲ, ಪಾಚಿ ಹಿಡಿದ ಮರ, ಕಾಲು ಜಾರಿ ಬಿದ್ದಿದ್ದು. ಆಸ್ಪತ್ರೆ ಸೇರಿಸುವಾಗ ಕೋಮಾ ಸ್ಕೋರ್ 7 (ಈ ಗ್ಲಾಸ್ಗೋ ಸ್ಕೋರ್ 3ರಿಂದ 15ರವರೆಗೆ ಇರ್ತದೆ, 8 ಅಥವಾ ಅದಕ್ಕಿಂತ ಕಡಿಮೆ ಅಂದ್ರೆ ತೀವ್ರ ಪೆಟ್ಟು ಅಂತ ಲೆಕ್ಕ). ಹುಬ್ಬಳ್ಳಿಯಲ್ಲಿ ಆಪರೇಷನ್ ಆಗಿ ಮನೆಗೆ ಬಂದ ಮೇಲೆ ನಮ್ಮ ಫಿಸಿಯೋ ಆರು ತಿಂಗಳು ಹೋದ್ರು, ಮಂಚ ಬಿಟ್ಟು ಏಳದವರು ಕೋಲಿಲ್ಲದೆ ನಡೆಯೋ ಹಾಗಾದ್ರು, ನಾವು ಫೈಲಲ್ಲಿ ‘ಸ್ವತಂತ್ರವಾಗಿ ನಡೆಯುತ್ತಾರೆ, ಮುಕ್ತಾಯ’ ಅಂತ ಬರೆದ್ವಿ. ಖುಷಿಯಿಂದಲೇ ಬರೆದಿದ್ವಿ. ಎರಡು ತಿಂಗಳು ಬಿಟ್ಟು ಅವರ ಹೆಂಡ್ತಿ ಬಂದು ಬೆಂಚಿನ ಮೇಲೆ ಕೂತು ಹೇಳಿದ್ದು ಇಷ್ಟೇ: ‘ಕಾಲು ಸರಿ ಆಯ್ತು ಅಂತ ನೀವು ಹೋದ್ರಿ, ತಲೇದು ಯಾರು ನೋಡೂದು?’

ಗಂಡ ಚಾಕ್ಕೆ ನೀರಿಟ್ಟು ಅಂಗಳಕ್ಕೆ ಹೋಗಿ ಬಿಡ್ತಾರಂತೆ, ಮೂರು ಪಾತ್ರೆ ಸುಟ್ಟಿದೆ. ಬಂದ ನೆಂಟರ ಹತ್ರ ಚಾ ಕುಡಿದ್ರಾ ಅಂತ ಹತ್ತು ನಿಮಿಷಕ್ಕೆ ನಾಲ್ಕು ಸಲ ಕೇಳ್ತಾರೆ. ಟಿವಿ, ಮಿಕ್ಸಿ, ಮಕ್ಕಳ ಗಲಾಟೆ ಎಲ್ಲ ಒಟ್ಟಿಗೆ ಬಂದ್ರೆ ಕೈಗೆ ಸಿಕ್ಕಿದ್ದು ಎಸೀತಾರೆ, ಮೊದಲು ಒಂದು ಗಟ್ಟಿ ಮಾತಾಡದ ಮನುಷ್ಯ. ಬೆಳಿಗ್ಗೆ ಹನ್ನೊಂದಕ್ಕೆಲ್ಲ ಸುಸ್ತಾಗಿ ಮಲಗ್ತಾರೆ, ಊರವರು ಸೋಮಾರಿ ಆದ ಅಂತಾರೆ.

ಇದು ಸೋಮಾರಿತನ ಅಲ್ಲ, ಸೊಕ್ಕೂ ಅಲ್ಲ. ನಿಮ್ಮಲ್ಲಿ ಎಷ್ಟೋ ಮನೆಯವರು ಇದೇ ಮಾತು ಕೇಳಿಸ್ಕೊಂಡು ಒಳಗೊಳಗೇ ಅತ್ತಿದ್ದೀರಿ ಅಂತ ಗೊತ್ತು, ಅದಕ್ಕೇ ಬಿಡಿಸಿ ಬರೀತೇನೆ. ತಲೆ ಜೋರಾಗಿ ಬಡಿದಾಗ ಮಿದುಳಿನ ಮುಂಭಾಗ ಮತ್ತೆ ಕಿವಿ ಪಕ್ಕದ ಭಾಗ ಬುರುಡೆಯ ಒಳಗಿನ ಒರಟು ಎಲುಬಿಗೆ ಉಜ್ಜಿ ಪೆಟ್ಟಾಗೂದು ಜಾಸ್ತಿ. ಕೆಲಸ ಶುರು ಮಾಡೂದು, ಸರಿಯಾದ ಹೊತ್ತಿಗೆ ನಿಲ್ಸೂದು, ಸಿಟ್ಟು ತಡ್ಕೊಳ್ಳೂದು, ಹೊಸದನ್ನ ನೆನಪಿಡೂದು ಇದೆಲ್ಲ ಆ ಭಾಗಗಳ ಕೆಲಸ. ಜೊತೆಗೆ ಮಿದುಳಿನೊಳಗಿನ ಸಣ್ಣ ನರದ ಎಳೆಗಳು ಎಳೆದು ಹರಿದಿರ್ತವೆ, ಅದು ಎಷ್ಟೋ ಸಲ ಸಿಟಿ ಸ್ಕ್ಯಾನಲ್ಲಿ ಕಾಣೂದೇ ಇಲ್ಲ, ಸ್ಕ್ಯಾನ್ ಸರಿ ಇದೆ ಅಂದ್ಕೂಡ್ಲೇ ಮನುಷ್ಯ ಸರಿ ಇದ್ದಾನೆ ಅಂತ ಅಲ್ಲ. ಮೊದಲು ತನ್ನಷ್ಟಕ್ಕೆ ಆಗ್ತಿದ್ದ ಕೆಲಸಕ್ಕೆಲ್ಲ ಈಗ ಗಮನ ಕೊಟ್ಟು ಕೊಟ್ಟು ಮಾಡ್ಬೇಕು, ಆ ಸುಸ್ತು ನಿಜವಾದ ಸುಸ್ತು, ಹನ್ನೊಂದಕ್ಕೆ ಮಲಗಿದ್ರೆ ಮಲಗ್ಲಿ ಬಿಡಿ.

ಆ ಮನೆಗೆ ನಾವು ಮತ್ತೆ ಹೋದ್ವಿ. ಈ ಸಲ ಫಿಸಿಯೋ ಅಲ್ಲ, ಹೊಸದಾಗಿ ಸೇರಿದ ಆಕ್ಯುಪೇಷನಲ್ ಥೆರಪಿಸ್ಟ್ (ದಿನದ ಕೆಲಸಗಳನ್ನ ಮತ್ತೆ ಮಾಡೋಕೆ ಕಲಿಸೋರು) ಹೋಗಿ ಅಡುಗೆಮನೆಯಲ್ಲೇ ಒಂದೂವರೆ ತಾಸು ಕೂತ್ರು. ಅವರದ್ದೇ ಪಾತ್ರೆ, ಅವರದ್ದೇ ಒಲೆ, ಅವರದ್ದೇ ಚಾಪುಡಿ ಡಬ್ಬಿ ಫೋಟೋ ತೆಗೆದು ಐದು ಹೆಜ್ಜೆಯ ಒಂದು ಕಾರ್ಡ್ ಮಾಡಿ ಒಲೆ ಪಕ್ಕ ಮೊಳೆಗೆ ನೇತು ಹಾಕಿದ್ರು. ಕೊನೇ ಫೋಟೋ ಗ್ಯಾಸ್ ಗುಂಡಿ ಬಂದ್ ಆಗಿದ್ದು. ಮೊದಲ ವಾರ ಹೆಂಡ್ತಿ ಪಕ್ಕ ನಿಂತು ಪ್ರತಿ ಹೆಜ್ಜೆ ಬಾಯಲ್ಲಿ ಹೇಳೂದು, ಆಮೇಲೆ ಹೇಳದೆ ಕಾರ್ಡಿಗೆ ಬೆರಳು ತೋರ್ಸೂದು, ಆಮೇಲೆ ಬಾಗಿಲ ಹತ್ರ ಸುಮ್ನೆ ನಿಲ್ಲೂದು. ಇಲ್ಲೊಂದು ಮುಖ್ಯ ವಿಷಯ, ನಮ್ಮಲ್ಲಿ ಎಲ್ಲರೂ ‘ತಪ್ಪು ಮಾಡಿ ಕಲೀಲಿ’ ಅಂತಾರೆ, ನೆನಪಿನ ತೊಂದ್ರೆ ಜೋರಾಗಿ ಇರೋರಿಗೆ ಅದು ಆಗೂದಿಲ್ಲ. ತಪ್ಪು ಮಾಡಿದ್ದು ಅವರಿಗೆ ನೆನಪಿರೂದಿಲ್ಲ, ಕೈ ಮಾತ್ರ ಆ ತಪ್ಪನ್ನೇ ಅಭ್ಯಾಸ ಮಾಡ್ಕೊಂಡು ಬಿಡ್ತದೆ. ಅದಕ್ಕೇ ತಪ್ಪಾಗೋ ಮೊದಲೇ ಸರಿಯಾದ್ದನ್ನ ಹೇಳ್ಬೇಕು, ದಿನಾ ಅದೇ ಶಬ್ದ, ಅದೇ ಕ್ರಮ, ಮನೆಯವರೆಲ್ಲ ಒಂದೇ ತರ. ಆರು ವಾರ ಆದ್ಮೇಲೆ ಥೆರಪಿಸ್ಟ್ ಹೋದಾಗ ಅವರೇ ಚಾ ಮಾಡಿ ಕೊಟ್ರು, ಗ್ಯಾಸ್ ಬಂದ್ ಮಾಡಿ, ಗುಂಡಿ ಮೇಲೆ ಕೈ ಇಟ್ಟು ಇನ್ನೊಂದು ಸಲ ನೋಡಿ, ಆಮೇಲೆ ಲೋಟ ತಂದ್ರು.

ಹಾಗಾಗಿ ಬದಲಾವಣೆ ಇದು. ಜೂನ್ 1ರಿಂದ ಹೊಸದಾಗಿ ಸೇರೋರಿಗೆ ಮತ್ತೆ ಈಗ ಮೊದಲ ಮೂರು ತಿಂಗಳಲ್ಲಿ ಇರೋರಿಗೆ ವಾರಕ್ಕೆ ಎರಡು ದಿನ, ಸಲಕ್ಕೆ ಒಂದೂವರೆ ತಾಸು. ಲೆಕ್ಕ ಹಾಕಿ ನೋಡಿ, ಮೊದಲು ತಿಂಗಳಿಗೆ 12 ಸಲ 40 ನಿಮಿಷ ಅಂದ್ರೆ 8 ತಾಸು ಆಗ್ತಿತ್ತು, ಈಗ 8 ಸಲ ಬಂದ್ರೂ 12 ತಾಸು ಆಗ್ತದೆ. ಬೈಕಲ್ಲಿ ಘಟ್ಟ ಹತ್ತಿ ಇಳಿಯೋ ಸಮಯ ಉಳಿದು ನಿಮ್ಮ ಮನೆ ಒಳಗೆ ಖರ್ಚಾಗ್ತದೆ. ನಾಲ್ಕನೇ ತಿಂಗಳಿಂದ ವಾರಕ್ಕೊಂದು ಸಲ, ಆರು ತಿಂಗಳಾದ ಮೇಲೆ ತಿಂಗಳಿಗೊಂದು ಸಲ, ಒಂದು ವರ್ಷ ಆದ್ಮೇಲೆ ಮೂರು ತಿಂಗಳಿಗೊಮ್ಮೆ. ಫೈಲ್ ಮಾತ್ರ ನಾವಾಗಿ ಮುಚ್ಚೂದಿಲ್ಲ, ನೀವು ಸಾಕು ಅಂದ್ರೆ ಮಾತ್ರ. ಭೇಟಿ ಇಲ್ಲದ ವಾರ ಒಂದು ಫೋನ್ ಬರ್ತದೆ, ಅದಕ್ಕೆ ದುಡ್ಡಿಲ್ಲ.

ಫೀಸು ಸಲಕ್ಕೆ 500 ಇದ್ದದ್ದು 650 ರೂಪಾಯಿ ಆಗ್ತದೆ. ತಿಂಗಳ ಲೆಕ್ಕದಲ್ಲಿ 6000 ಕೊಡ್ತಿದ್ದವರಿಗೆ ಮೊದಲ ಮೂರು ತಿಂಗಳು 5200, ಆಮೇಲೆ 2600, ಆಮೇಲೆ 650 ಬರ್ತದೆ. ಅದೂ ಕಷ್ಟ ಆದ್ರೆ ಮುಚ್ಚುಮರೆ ಇಲ್ದೆ ಆಫೀಸಿಗೆ ಹೇಳಿ, ಸಂಘ ಅಂತ ಮಾಡಿಕೊಂಡಿದ್ದೇ ಅದಕ್ಕೆ.

ನಿಮ್ಮಿಂದ ಒಂದು ಬೇಕು. ಭೇಟಿ ದಿನ ಮನೆಯವರು ಒಬ್ಬರಾದ್ರೂ ಪೂರ್ತಿ ಹೊತ್ತು ಜೊತೆಗೆ ಇರ್ಬೇಕು, ಪ್ರತಿ ಸಲ ಸಾಧ್ಯ ಆದಷ್ಟು ಅದೇ ಒಬ್ಬರು. ಥೆರಪಿಸ್ಟ್ ಬಂದ್ರು ಅಂತ ತೋಟಕ್ಕೆ, ಪೇಟೆಗೆ ಹೋಗೋರು ಇದ್ದಾರೆ, ನಾವು ಬೈತಿಲ್ಲ, ಅಷ್ಟೊತ್ತಾದ್ರೂ ಬಿಡುವು ಸಿಗ್ಲಿ ಅಂತ ಕಾಯ್ತಿರ್ತೀರಿ ಅಂತ ಗೊತ್ತು. ಆದ್ರೆ ವಾರದಲ್ಲಿ ಮೂರು ತಾಸು ನಾವಿರೂದು, ಉಳಿದ 165 ತಾಸು ನೀವೇ. ನೀವು ಕಲೀದೇ ಇದ್ರೆ ನಮ್ಮ ಮೂರು ತಾಸು ನೀರಲ್ಲಿ ಹೋಮ. ನಿಮ್ಮ ಬಿಡುವಿಗೆ ಬೇರೆ ವ್ಯವಸ್ಥೆ ಮಾಡ್ತಾ ಇದ್ದೇವೆ, ತಿಂಗಳಿಗೆ ಒಂದು ಮಧ್ಯಾಹ್ನ ತರಬೇತಿ ಆದ ಸಹಾಯಕಿ ಒಬ್ಬರು ಬಂದು ಪೇಷೆಂಟ್ ಹತ್ರ ಕೂರ್ತಾರೆ, ನೀವು ಎಲ್ಲಿಗಾದ್ರೂ ಹೋಗಿ, ನಿದ್ದೆ ಮಾಡಿ, ನಿಮ್ಮಿಷ್ಟ. ಭೇಟಿ ಸಮಯ ಇನ್ನು ಬೆಳಿಗ್ಗೆಯೇ, ತಲೆ ಹಗುರ ಇರೋ ಹೊತ್ತು ಅದು.

ಮಳೆಗಾಲದ ವಿಷಯ. ಶಿರಸಿ ಕುಮಟಾ ರಸ್ತೆ ಗತಿ ನಿಮಗೆ ನಾವು ಹೇಳ್ಬೇಕಾಗಿಲ್ಲ, ದೇವಿಮನೆ ಘಟ್ಟದಲ್ಲಿ ಮಣ್ಣು ಕುಸಿದ್ರೆ ಆ ದಿನದ ಭೇಟಿ ಹೋಯ್ತು. 2024ರ ಜುಲೈ 16ಕ್ಕೆ ಅಂಕೋಲಾ ಹತ್ರದ ಶಿರೂರಲ್ಲಿ ಗುಡ್ಡ ಕುಸಿದು, ಆಗಸ್ಟ್ 7ಕ್ಕೆ ಕಾರವಾರದ ಕಾಳಿ ನದಿ ಹಳೇ ಸೇತುವೆ ಬಿದ್ದು, ಆ ಎರಡು ತಿಂಗಳು ಅಂಕೋಲಾ ಕಾರವಾರ ಕಡೆಯ ಮನೆಗಳಿಗೆ ಹೋಗೋಕಾಗದೆ ಕೈಕಾಲು ಬಿಗಿತ ಇದ್ದ ಇಬ್ಬರಿಗೆ ಮೊಣಕಾಲು ಮಡಚಿಕೊಂಡೇ ಗಟ್ಟಿಯಾಗಿ ಬಿಡ್ತು, ಅದನ್ನ ಮತ್ತೆ ನೇರ ಮಾಡೋಕೆ ಎಷ್ಟು ನೋವು ತಿಂದ್ರು ಅಂತ ನಾವು ನೋಡಿದ್ದೇವೆ. ಅದಕ್ಕೆ ಈ ವರ್ಷದಿಂದ ಜೂನಿಂದ ಸೆಪ್ಟೆಂಬರ್ ತನಕ ಇಬ್ಬರು ಸಿಬ್ಬಂದಿ ಕುಮಟಾದಲ್ಲೇ ಉಳೀತಾರೆ, ಹೊನ್ನಾವರದಿಂದ ಕಾರವಾರದ ತನಕ ಅವರೇ ನೋಡ್ಕೊಳ್ತಾರೆ. ಮೀನುಗಾರರ ಮನೆಗಳಿಗೆ ಒಂದು ಮಾತು, ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟ್ ಕಡಲಿಗೆ ಇಳಿಯೂದಿಲ್ಲ, ಗಂಡಸರು ಮನೆಯಲ್ಲೇ ಇರ್ತಾರೆ, ಎತ್ತಿ ಕೂರ್ಸೂದು, ಎರಡೆರಡು ತಾಸಿಗೆ ಮಗ್ಗಲು ಬದಲಿಸೂದು ಅವರೂ ಈ ಎರಡು ತಿಂಗಳಲ್ಲಿ ಕಲೀಲಿ. ಹೆಂಗಸರ ಸೊಂಟ ಒಂದೇ ಎಷ್ಟು ಅಂತ ತಡೀತದೆ.

ಮಾತು ಹೋದವರಿಗೆ ಸ್ಪೀಚ್ ಥೆರಪಿಯಲ್ಲೂ ಒಂದು ತಿದ್ದುಪಡಿ. ನಾವು ಪುಸ್ತಕದ ಕನ್ನಡದ ಚಿತ್ರ ಕಾರ್ಡ್ ತೋರಿಸ್ತಿದ್ವಿ, ಕೊಂಕಣಿ ಮನೆಮಾತಿನ ಒಬ್ಬರು ವಾರಗಟ್ಟಲೆ ಬಾಯೇ ಬಿಡ್ಲಿಲ್ಲ, ಕೊನೆಗೆ ಅವರ ಮಗಳು ಬಾಂಗಡೆ ಮೀನು ತಂದು ಎದುರಿಗೆ ಹಿಡಿದಾಗ ಹೆಸರು ಹೇಳಿದ್ರು. ಇನ್ನು ಮೇಲೆ ಮೊದಲ ಭೇಟಿಯಲ್ಲೇ ನಿಮ್ಮ ಮನೆಯಲ್ಲಿ ದಿನಾ ಆಡೋ 30 ಶಬ್ದ ಬರ್ಕೊಳ್ತೇವೆ, ಹವ್ಯಕ ಆಗ್ಲಿ ಕೊಂಕಣಿ ಆಗ್ಲಿ ನವಾಯತಿ ಆಗ್ಲಿ, ಥೆರಪಿ ಅದರಿಂದಲೇ ಶುರು.

ಕಾಗದಪತ್ರದ ಬಗ್ಗೆ ತುಂಬ ಜನ ಕೇಳ್ತೀರಿ. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ರಸ್ತೆ ಅಪಘಾತದವರಿಗೆ ನಗದುರಹಿತ ಚಿಕಿತ್ಸೆ ಯೋಜನೆ ತಂದಿದೆ, ಒಂದೂವರೆ ಲಕ್ಷದ ತನಕ, ಅಪಘಾತದ ದಿನದಿಂದ 7 ದಿನ. ಅದು ಆಸ್ಪತ್ರೆ ಖರ್ಚಿಗೆ, ಮನೆ ಥೆರಪಿಗೆ ಬರೂದಿಲ್ಲ. ಆದ್ರೆ ಮೋಟಾರು ಅಪಘಾತದ ಕೇಸಲ್ಲಿ ನೋಡ್ಕೊಳ್ಳೋರ ಖರ್ಚು, ಮುಂದಿನ ಚಿಕಿತ್ಸೆ ಖರ್ಚು ಕೇಳೋಕೆ ಅವಕಾಶ ಇದೆ, ಹಾಗಾಗಿ ನಮ್ಮ ರಸೀದಿಯಲ್ಲಿ ಇನ್ನು ತಾರೀಕು, ತಾಸು, ಥೆರಪಿಸ್ಟ್ ನೋಂದಣಿ ನಂಬರ್ ಎಲ್ಲ ಇರ್ತದೆ, ಒಂದನ್ನೂ ಬಿಸಾಡ್ಬೇಡಿ. ಪರಿಹಾರದ ಅರ್ಜಿಗೆ ಕಾಯ್ದೆಯಲ್ಲಿ ಆರು ತಿಂಗಳ ಗಡುವು ಇದೆ, ಪೇಷೆಂಟ್ ಹುಷಾರಾಗ್ಲಿ ಆಮೇಲೆ ನೋಡೋಣ ಅಂತ ಕೂರ್ಬೇಡಿ, ಬೇಗ ವಕೀಲರನ್ನ ಕಾಣಿ. ಇನ್ನು ಅಂಗವಿಕಲರ ಕಾರ್ಡ್. 2016ರ ಕಾಯ್ದೆಯಲ್ಲಿ 21 ವೈಕಲ್ಯ ಇದೆ, ತಲೆಪೆಟ್ಟು ಅಂತ ಹೆಸರು ಹಿಡಿದು ಇಲ್ಲ, ಪೆಟ್ಟಿನಿಂದ ಉಳಿದ ತೊಂದ್ರೆ ಯಾವುದು ಅಂತ ನೋಡಿ ಕೊಡೂದು, ಹೆಚ್ಚಿನ ಸೌಲಭ್ಯಕ್ಕೆ ಶೇಕಡಾ 40 ಆಗ್ಬೇಕು. ನಡೀತಾ ಒಳಗೆ ಬಂದವರನ್ನ ನೋಡಿದ್ರೆ ನೆನಪು, ಮಾತು, ಸಿಟ್ಟಿನ ತೊಂದ್ರೆ ಕಣ್ಣಿಗೆ ಬೀಳೂದೇ ಇಲ್ಲ. ಅದಕ್ಕೆ ನಮ್ಮ ವರದಿಯಲ್ಲಿ ಅದನ್ನೆಲ್ಲ ದಿನಚರಿ ಸಮೇತ ಬರೆದು ಕೊಡ್ತೇವೆ, ಕಾರ್ಡಿಗಾಗಿ ಮೆಡಿಕಲ್ ಬೋರ್ಡಿಗೆ ಹೋಗುವಾಗ ತಗೊಂಡು ಹೋಗಿ.

ವಿಡಿಯೋ. ಥೆರಪಿ ಮಾಡುವಾಗ ತೆಗೆದ ವಿಡಿಯೋ ಗ್ರೂಪಲ್ಲಿ ಹಾಕೂದು ಇವತ್ತಿಂದಲೇ ಬಂದ್. ಖುಷಿಗೆ ಹಾಕ್ತಿದ್ವಿ, ಆದ್ರೆ ತೊದಲ್ತಾ ಇರೋ ತನ್ನ ವಿಡಿಯೋ ಊರೆಲ್ಲ ನೋಡಿದೆ ಅಂತ ಒಬ್ಬ ಹುಡುಗ ಕಾಲೇಜಿಗೆ ಹೋಗೋಕೇ ಒಪ್ಲಿಲ್ಲ. ಅದು ನಮ್ಮಿಂದಾದ ನೋವು, ಅವನ ಮನೆಗೆ ಹೋಗಿ ಕ್ಷಮೆ ಕೇಳಿದ್ದೇವೆ. ಇನ್ನು ತೆಗೆಯೋ ಮೊದಲು ಪೇಷೆಂಟನ್ನೇ ಕೇಳ್ತೇವೆ, ಮನೆಯವರನ್ನ ಮಾತ್ರ ಅಲ್ಲ.

ಇವಕ್ಕೆಲ್ಲ ನಮಗೆ ಫೋನ್ ಮಾಡ್ತಾ ಕಾಯ್ಬೇಡಿ, ಸೀದಾ ಆಸ್ಪತ್ರೆಗೆ ಹೋಗಿ: ಫಿಟ್ಸ್ ಬಂದ್ರೆ, ತಲೆನೋವು ಏರ್ತಾ ವಾಂತಿ ಆಗ್ತಾ ಇದ್ರೆ, ಎಬ್ಬಿಸಿದ್ರೂ ಏಳದ ಮಂಪರು ಬಂದ್ರೆ, ಒಂದು ಕಡೆ ಕೈಕಾಲು ಹೊಸದಾಗಿ ಸೋತ್ರೆ. 108ಕ್ಕೆ ಮಾಡಿ. ಫಿಟ್ಸ್ ಮಾತ್ರೆ ಡಾಕ್ಟರು ಹೇಳದೆ ನಿಲ್ಲಿಸ್ಲೇಬೇಡಿ, ಮೂರು ತಿಂಗಳು ಬಂದಿಲ್ಲ ಅಂದ್ರೂ ನಿಲ್ಲಿಸ್ಬೇಡಿ, ಸಾರಾಯಿ ಪೂರ್ತಿ ಬಿಡ್ಬೇಕು.

ಕೊನೇದಾಗಿ, ಹಿಂದೆ ನಾವು ಫೈಲ್ ಮುಚ್ಚಿದ ಮನೆಯವರಿಗೆ. ಒಂದು ವರ್ಷ ಆಗಿರ್ಲಿ, ನಾಲ್ಕು ವರ್ಷ ಆಗಿರ್ಲಿ, ನಾವು ಕೊಟ್ಟ ಹಸಿರು ಪುಸ್ತಕದ ಹಿಂದಿನ ನಂಬರಿಗೆ ಒಂದು ಫೋನ್ ಮಾಡಿ, ಮೊದಲ ಭೇಟಿಗೆ ಫೀಸಿಲ್ಲ. ಪುಸ್ತಕ ಕಳೆದು ಹೋಗಿದ್ರೆ ಹೆಸರು, ಊರು ಹೇಳಿದ್ರೆ ಸಾಕು, ಹಳೇ ಫೈಲೆಲ್ಲ ಕಪಾಟಿಂದ ತೆಗೆದು ಟೇಬಲ್ ಮೇಲೆ ಇಟ್ಕೊಂಡಿದ್ದೇವೆ. ಜೂನ್ ಮುಗಿಯೋದ್ರೊಳಗೆ ನಿಮ್ಮಿಂದ ಫೋನ್ ಬರದಿದ್ರೆ ನಾವೇ ಮಾಡ್ತೇವೆ.

ಸಂಘದ ಪರವಾಗಿ,
ಕಾರ್ಯದರ್ಶಿ, ಶಿರಸಿ